ಮೈಲೇಜ್ ಕಮ್ಮಿ ಆಯ್ತಾ? ಮೊದ್ಲು ಹಿಂದಿನ ಚಕ್ರ ತಿರುಗ್ಸಿ ನೋಡಿ

ನಮ್ ಕಡೆ ಯಾರಾದ್ರೂ ಹೊಸ ಗಾಡಿ ತಗೊಂಡ್ರೆ, ಪೂಜೆ ಮಾಡ್ಸಿ ನಿಂಬೆಹಣ್ಣಿನ ಮೇಲೆ ಹತ್ಸೋಕ್ ಮುಂಚೆನೇ ಬರೋ ಪ್ರಶ್ನೆ ‘ಎಷ್ಟ್ ಕೊಡುತ್ತೆ?’. ಗಾಡಿ ಹಳೇದಾದ್ಮೇಲೆ ಅದೇ ಜನ ಟೀ ಅಂಗಡಿ ಮುಂದೆ ನಿಂತ್ಕೊಂಡು ‘ಮೊದಲ್ ಕೊಡ್ತಿತ್ತು, ಈಗ ಕೊಡ್ತಿಲ್ಲ’ ಅಂತಾರೆ. ಎಷ್ಟ್ ಕೊಡ್ತಿತ್ತು, ಈಗ ಎಷ್ಟ್ ಕೊಡ್ತಿದೆ ಅಂತ ಕೇಳಿ ನೋಡಿ, ಲೆಕ್ಕ ಇಟ್ಟಿರೋರು ಹತ್ತರಲ್ಲಿ ಒಬ್ರೂ ಸಿಗಲ್ಲ, ಎಲ್ಲಾ ಅಂದಾಜು. ನೂರು ರೂಪಾಯಿದು ಹಾಕ್ಸೋದು, ಮುಳ್ಳು ಎಲ್ಲಿವರೆಗೂ ಬಂತು ಅಂತ ನೋಡೋದು, ಅಷ್ಟೇ.

ಕಂಪನಿಯೋರು ಹೇಳೋ ನಂಬರ್ ಬಗ್ಗೆನೂ ಒಂದ್ ಮಾತು. ಅದು ಪುಣೆಯ ಎಆರ್‌ಎಐ ಥರದ ವಾಹನ ಪರೀಕ್ಷೆ ಲ್ಯಾಬಲ್ಲಿ ಗಾಡಿನ ರೋಲರ್ ಮೇಲೆ ನಿಲ್ಸಿ, ಇಂತಿಷ್ಟು ಸೆಕೆಂಡು ಇಂತಿಷ್ಟು ಸ್ಪೀಡು ಅಂತ ಮೊದ್ಲೇ ಬರೆದಿಟ್ಟ ಲೆಕ್ಕದಲ್ಲಿ ಓಡ್ಸಿ ತೆಗೆಯೋದು. ಅಲ್ಲಿ ಎದುರುಗಾಳಿ ಇಲ್ಲ, ಹಂಪ್ ಇಲ್ಲ, ಜಾಲಹಳ್ಳಿ ಕ್ರಾಸ್ ಸಿಗ್ನಲ್ ಇಲ್ಲ, ಹಿಂದೆ ಕೂತ್ಕೊಂಡು ಮಡಿಲಲ್ಲಿ ಅಕ್ಕಿ ಮೂಟೆ ಇಟ್ಕೊಂಡಿರೋ ಹೆಂಡ್ತಿನೂ ಇಲ್ಲ. ಹಾಗಂತ ಅದು ಸುಳ್ಳು ಅನ್ನೋ ಹಾಗಿಲ್ಲ, ಎರಡು ಗಾಡಿ ಹೋಲಿಸಿ ನೋಡೋಕೆ ಒಳ್ಳೇ ನಂಬರ್, ನಿಮ್ ರೋಡಿಗೆ ಅದನ್ನ ತಂದು ಶೋರೂಮ್ ಹುಡುಗನ್ ಜೊತೆ ಜಗಳಕ್ಕೆ ನಿಂತ್ರೆ ಮಾತ್ರ ಪ್ರಯೋಜನ ಇಲ್ಲ.

ಅಳೆಯೋದು ಸುಲಭ ಕಣ್ರೀ. ಗಾಡಿನ ಸೆಂಟರ್ ಸ್ಟ್ಯಾಂಡ್ ಹಾಕಿ ಟ್ಯಾಂಕ್ ಕುತ್ತಿಗೆ ಕೆಳಗಿನ ಅಂಚಿನವರೆಗೂ ಫುಲ್ ಮಾಡ್ಸಿ, ಮೇಲ್ತನಕ ತುಳುಕೋ ಹಾಗೆ ಬೇಡ, ಮೀಟರ್ ಫೋಟೋ ತಗೊಳ್ಳಿ, ಮಾಮೂಲಿ ಹೆಂಗ್ ಓಡಿಸ್ತೀರೋ ಹಂಗೇ ಓಡ್ಸಿ, ಆಮೇಲೆ ಅದೇ ಬಂಕಲ್ಲಿ ಅದೇ ಅಂಚಿನವರೆಗೂ ಮತ್ತೆ ಫುಲ್ ಮಾಡ್ಸಿ. 412 ಕಿಲೋಮೀಟರ್ ಓಡಿ 7.1 ಲೀಟರ್ ಹಿಡೀತು ಅಂದ್ರೆ ಲೀಟರಿಗೆ 58. ಒಂದ್ ಸಲ ನೋಡಿ ತೀರ್ಮಾನ ಮಾಡಬೇಡಿ, ಎರಡು ಮೂರು ಟ್ಯಾಂಕ್ ನೋಡ್ಬೇಕು. ರಿಸರ್ವ್‌ಗೆ ಬಿದ್ದಾಗಿಂದ ಮತ್ತೆ ರಿಸರ್ವ್‌ಗೆ ಬೀಳೋವರೆಗೂ ಲೆಕ್ಕ ಹಾಕೋರೂ ಇದಾರೆ, ಅದೂ ನಡಿಯುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಮೈಲೇಜ್ ಕಮ್ಮಿ ಆಯ್ತು ಅಂದ ತಕ್ಷಣ ಎಲ್ರೂ ಇಂಜಿನ್ ಕಡೆ ನೋಡ್ತಾರೆ, ‘ಇಂಜಿನ್ ಬಿಚ್ಬೇಕು’ ಅನ್ನೋ ಮೆಕ್ಯಾನಿಕ್ಕೂ ಸಿಗ್ತಾನೆ. ನಾನ್ ನೋಡಿರೋ ಕಮ್ಯೂಟರ್ ಬೈಕ್‌ಗಳಲ್ಲಿ ಮುಕ್ಕಾಲು ಪಾಲು ತೊಂದ್ರೆ ಇಂಜಿನ್ನಿಂದ ಹಿಂದಕ್ಕೇ ಇರುತ್ತೆ, ಚೈನು, ಬ್ರೇಕು, ಟೈರು. ಗಾಡಿನ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರ ಕೈಯಲ್ಲಿ ಜೋರಾಗಿ ತಿರುಗ್ಸಿ ಬಿಡಿ. ಆರಾಮಾಗಿ ಸುತ್ತು ಹೊಡೆದು ನಿಧಾನಕ್ಕೆ ನಿಲ್ಬೇಕು. ಅದು ಬಿಟ್ಟು ‘ಸರ್ರ್’ ಅಂತ ಒರಸ್ಕೊಂಡು ಅಲ್ಲೇ ನಿಂತ್ರೆ ನಿಮ್ ಪೆಟ್ರೋಲ್ ಎಲ್ಲೋಗ್ತಿದೆ ಅಂತ ಗೊತ್ತಾಯ್ತು. ಕಾಲಿಗೆ ಕಲ್ಲು ಕಟ್ಕೊಂಡು ಓಡಿದ ಹಂಗೆ ಓಡ್ತಿದೆ ಗಾಡಿ.

ಇದು ಹೆಂಗಾಗುತ್ತೆ ಅಂದ್ರೆ, ಚೈನ್ ಲೂಸ್ ಆಯ್ತು ಅಂತ ಯಾವ್ದೋ ಅಂಗಡಿಲಿ ನಿಲ್ಲಿಸ್ತೀವಿ, ಹುಡುಗ ಆಕ್ಸಲ್ ನಟ್ ಲೂಸ್ ಮಾಡಿ ಎರಡೂ ಕಡೆ ಅಡ್ಜಸ್ಟರ್ ತಿರುಗ್ಸಿ ಚಕ್ರನ ಹಿಂದಕ್ಕೆ ಎಳೀತಾನೆ, ಚೈನ್ ಟೈಟ್ ಆಯ್ತು, ಐವತ್ ರೂಪಾಯಿ ಇಸ್ಕೊಂಡ. ಆದ್ರೆ ಚಕ್ರ ಹಿಂದಕ್ ಹೋದ ಹಾಗೆ ಬ್ರೇಕ್ ರಾಡೂ ಜೊತೇಲಿ ಎಳ್ಕೊಳುತ್ತೆ, ಡ್ರಮ್ ಒಳಗಿನ ಬ್ರೇಕ್ ಶೂ ಅಗಲ ಆಗಿ ಡ್ರಮ್‌ಗೆ ತಾಗ್ಕೊಂಡೇ ಇರುತ್ತೆ. ಚೈನ್ ಟೈಟ್ ಮಾಡಿದ್ಮೇಲೆ ಆ ರಾಡ್ ತುದಿಯ ನಟ್ ಸ್ವಲ್ಪ ಬಿಡ್ಬೇಕು, ಅರ್ಜೆಂಟಲ್ಲಿ ಎಷ್ಟೋ ಜನ ಬಿಡಲ್ಲ. ಪೆಡಲ್ ಒತ್ತಿದ್ರೆ ಬ್ರೇಕ್ ಹಿಡಿಯೋಕ್ ಮುಂಚೆ ಸ್ವಲ್ಪ ಆಟ ಇರ್ಬೇಕು. ಇಲ್ಲ ಅಂದ್ರೆ ಸ್ವಲ್ಪ ದೂರ ಓಡ್ಸಿ ಬಂದು ಡ್ರಮ್ ಹತ್ರ ಕೈ ತನ್ನಿ (ಮುಟ್ಟಬೇಡಿ, ಹತ್ರ ಅಷ್ಟೇ), ಬ್ರೇಕ್ ಹಾಕ್ದೇ ಇದ್ರೂ ಬಿಸಿ ಹೊಡೆಯುತ್ತೆ, ಕೆಲವು ಸಲ ಸುಟ್ಟ ವಾಸನೆನೂ ಬರುತ್ತೆ. ಇನ್ನು ಕೆಲವ್ರು ಬಲಗಾಲು ಪೆಡಲ್ ಮೇಲೇ ಇಟ್ಕೊಂಡು ಓಡಿಸ್ತಾರೆ, ಹಿಂದೆ ಹೋಗೋರಿಗೆ ಬ್ರೇಕ್ ಲೈಟು ನೆಲಮಂಗಲದಿಂದ ಪೀಣ್ಯವರೆಗೂ ಉರೀತಾನೇ ಕಾಣುತ್ತೆ.

ಚೈನ್ ಅತೀ ಟೈಟ್ ಇದ್ರೂ ಕಷ್ಟ, ಮಧ್ಯದಲ್ಲಿ ಬೆರಳಲ್ಲಿ ಮೇಲೆ ಕೆಳಗೆ ಆಡಿಸಿದ್ರೆ ಸುಮಾರು ಒಂದಿಂಚು ಆಡ್ಬೇಕು, ಸರಿಯಾದ ಅಳತೆ ನಿಮ್ ಗಾಡಿ ಪುಸ್ತಕದಲ್ಲಿ ಇರುತ್ತೆ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡ್ಕೊಂಡಿರೋ ಕಂಬಿ) ಮೇಲೆ ಎರಡೂ ಕಡೆ ಗೆರೆ ಇರುತ್ತಲ್ಲ, ಎಡಕ್ಕೆ ಎಷ್ಟನೇ ಗೆರೆನೋ ಬಲಕ್ಕೂ ಅಷ್ಟನೇದೇ ಇರ್ಬೇಕು, ಇಲ್ಲಾಂದ್ರೆ ಚಕ್ರ ಸೊಟ್ಟ ಕೂತು ಟೈರೂ ಸವೆಯುತ್ತೆ ಚೈನೂ ಸವೆಯುತ್ತೆ. ಸರ್ವಿಸಲ್ಲಿ ತೆಗೆದ ಕರಿ ಆಯಿಲ್ ಚೈನಿಗೆ ಬಳಿಯೋ ಅಭ್ಯಾಸ ಬಿಡಿ, 90 ನಂಬರ್ ಗೇರ್ ಆಯಿಲ್ ಇಲ್ಲ ಚೈನ್ ಸ್ಪ್ರೇ ಹಾಕಿ, ಹಾಕಿದ್ಮೇಲೆ ಬಟ್ಟೆಲಿ ಒರ್ಸಿ. ಸ್ಕೂಟರ್‌ಗಳಲ್ಲಿ ಚೈನ್ ಇಲ್ಲ, ಬೆಲ್ಟು ರೋಲರ್ರು ಇರುತ್ತೆ, ಅದು ಸವೆದ್ರೆ ಇಂಜಿನ್ ಕೂಗುತ್ತೆ ಗಾಡಿ ಮುಂದಕ್ ಹೋಗಲ್ಲ, ಅದು ಬೇರೆ ಕಥೆ.

ಟೈರ್ ಗಾಳಿ ಬಗ್ಗೆ ಎಲ್ರಿಗೂ ಗೊತ್ತು, ಯಾರೂ ನೋಡ್ಕೊಳಲ್ಲ. ಕಾರಿಗೆ ಡ್ರೈವರ್ ಬಾಗಿಲು ತೆಗೆದ್ರೆ ಕಂಬದ್ ಮೇಲೆ ಸ್ಟಿಕ್ಕರ್ ಇರುತ್ತೆ, ಬೈಕಿಗೆ ಚೈನ್ ಕವರ್ ಮೇಲೋ ಸ್ವಿಂಗ್ ಆರ್ಮ್ ಮೇಲೋ ಅಂಟ್ಸಿರ್ತಾರೆ, ಅಷ್ಟೇ ಹಾಕ್ಸಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಾಕ್ಸಿ, ಐವತ್ ಕಿಲೋಮೀಟರ್ ಓಡ್ಸಿ ಬಂದು ಅಳೆದ್ರೆ ಬಿಸಿಗೆ ಜಾಸ್ತಿನೇ ತೋರ್ಸುತ್ತೆ. ಅಮೆರಿಕದ ಇಂಧನ ಇಲಾಖೆ ಲೆಕ್ಕದಲ್ಲಿ ಕಾರಿನ ಟೈರಲ್ಲಿ ಸರಾಸರಿ ಒಂದು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಕಮ್ಮಿ ಆದ್ರೆ ಮೈಲೇಜು ಸುಮಾರು 0.2% ಬೀಳುತ್ತೆ, ಕೇಳೋಕೆ ಏನೂ ಇಲ್ಲ ಅನ್ಸುತ್ತೆ, ಹತ್ತು ಪಿಎಸ್‌ಐ ಕಮ್ಮಿ ಇಟ್ಕೊಂಡು ವರ್ಷಗಟ್ಟಲೆ ಓಡಿಸೋರೂ ಇದಾರಲ್ಲ. ಲುಕ್ಕಿಗೆ ಅಂತ ದಪ್ಪ ಟೈರ್ ಹಾಕ್ಸಿ ಆಮೇಲೆ ಮೈಲೇಜ್ ಬಿತ್ತು ಅಂತ ಅಳೋರಿಗೆ ನನ್ ಹತ್ರ ಉತ್ತರ ಇಲ್ಲ.

ಏರ್ ಫಿಲ್ಟರ್ ವಿಷ್ಯದಲ್ಲಿ ನಂಗೇ ಆಶ್ಚರ್ಯ ಆಗಿದ್ದು ಒಂದಿದೆ. ಹಳೇ ಕಾರ್ಬುರೇಟರ್ (ಪೆಟ್ರೋಲ್ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ) ಗಾಡೀಲಿ ಫಿಲ್ಟರ್ ಕಟ್ಕೊಂಡ್ರೆ ಗಾಳಿ ಕಮ್ಮಿ ಆಗಿ ಪೆಟ್ರೋಲ್ ಜಾಸ್ತಿ ಹೋಗುತ್ತೆ, ಪ್ಲಗ್ ಬಿಚ್ಚಿದ್ರೆ ಕಪ್ಪು ಮಸಿ ಹಿಡಿದಿರುತ್ತೆ (ತಿಳಿ ಕಂದು ಬಣ್ಣ ಇದ್ರೆ ಸರಿ ಇದೆ ಅಂತ ಅರ್ಥ). ಆದ್ರೆ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಅಮೆರಿಕದ ಓಕ್ ರಿಡ್ಜ್ ಲ್ಯಾಬಿನೋರು 2009ರಲ್ಲಿ ಟೆಸ್ಟ್ ಮಾಡಿ ನೋಡಿದ್ರೆ, ಫಿಲ್ಟರ್ ಕಟ್ಕೊಂಡ್ರೂ ಮೈಲೇಜ್ ಹೆಚ್ಚುಕಮ್ಮಿ ಅಷ್ಟೇ ಇತ್ತಂತೆ, ಪಿಕಪ್ ಮಾತ್ರ ಬಿದ್ದಿತ್ತು, ಯಾಕಂದ್ರೆ ಎಷ್ಟು ಗಾಳಿ ಬರ್ತಿದೆಯೋ ಅದಕ್ಕೆ ತಕ್ಕ ಹಾಗೆ ಕಂಪ್ಯೂಟರ್ರೇ ಪೆಟ್ರೋಲ್ ಕಮ್ಮಿ ಮಾಡುತ್ತೆ. ಹಾಗಂತ ನಮ್ ಧೂಳಲ್ಲಿ ಫಿಲ್ಟರ್ ಬದಲಾಯಿಸ್ದೇ ಇರಬೇಡಿ, ಇಂಜಿನ್ ಬಾಳಿಕೆಗೆ ಅದು ಬೇಕೇ ಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ್ಮೇಲೆ ಮಾಮೂಲಿ ಬೈಕುಗಳಲ್ಲೂ ಹೆಚ್ಚಿನವು ಇಂಜೆಕ್ಷನ್‌ಗೆ ಬಂದ್ವು, ಸ್ಕ್ರೂ ಡ್ರೈವರ್ ಹಿಡ್ಕೊಂಡು ‘ಟ್ಯೂನಿಂಗ್ ಮಾಡಿ ಹತ್ತು ಜಾಸ್ತಿ ಮಾಡ್ಕೊಡ್ತೀನಿ’ ಅನ್ನೋನಿಗೆ ಅಲ್ಲಿ ತಿರುಗ್ಸೋಕೆ ಏನೂ ಇಲ್ಲ. ಹಳೇ ಗಾಡೀಲೂ ಅಷ್ಟೇ, ಪೆಟ್ರೋಲ್ ಅತೀ ಕಮ್ಮಿ ಮಾಡಿಸ್ಕೊಂಡ್ರೆ ಇಂಜಿನ್ ಹೀಟ್ ಆಗುತ್ತೆ, ಏರಲ್ಲಿ ಸುಸ್ತಾಗುತ್ತೆ, ಆಮೇಲೆ ಆಕ್ಸಿಲರೇಟರ್ ತಿರುವಿ ತಿರುವಿ ಉಳಿಸಿದ್ದನ್ನೆಲ್ಲ ವಾಪಸ್ ಕೊಡ್ತೀರ. ಆಯಿಲ್ ಕೂಡ, ಪುಸ್ತಕದಲ್ಲಿ 10ಡಬ್ಲ್ಯೂ-30 (ಆಯಿಲ್ ಗಟ್ಟಿತನದ ನಂಬರ್) ಅಂತಿದ್ರೆ ಅದನ್ನೇ ಹಾಕ್ಸಿ, ‘ಗಟ್ಟಿ ಇದ್ರೆ ಒಳ್ಳೇದು’ ಅಂತ 20ಡಬ್ಲ್ಯೂ-50 ಹಾಕ್ಸಿದ್ರೆ ಇಂಜಿನ್ನು ಅದನ್ನ ಕಲಕೋಕೇ ಶಕ್ತಿ ಖರ್ಚು ಮಾಡ್ಬೇಕು.

ಗಾಡಿ ಸರಿ ಇದ್ಮೇಲೆ ಉಳಿಯೋದು ಓಡ್ಸೋರ ಕೈ. ತುಮಕೂರು ಬೆಂಗಳೂರು ಹೈವೇಲಿ 55ರಲ್ಲಿ ಹೋಗೋದಕ್ಕೂ 85ರಲ್ಲಿ ಹೋಗೋದಕ್ಕೂ ಟೈಮಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ವ್ಯತ್ಯಾಸ ಬರ್ಬೋದು, ಅದೂ ರೋಡ್ ಖಾಲಿ ಇದ್ರೆ. ಪೆಟ್ರೋಲಲ್ಲಿ ಬರೋದು ಅದಕ್ಕಿಂತ ದೊಡ್ಡ ವ್ಯತ್ಯಾಸ, ಗಾಳಿ ತಳ್ಳೋ ಬಲ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಸ್ಪೀಡು ಎರಡರಷ್ಟಾದ್ರೆ ಗಾಳಿ ತಡೆ ನಾಕರಷ್ಟು. ಪೆಟ್ರೋಲ್ ಉಳಿತಾಯದ ಬಗ್ಗೆ ಹೇಳೋ ಸರ್ಕಾರಿ ಸಂಸ್ಥೆ ಪಿಸಿಆರ್‌ಎಯೋರು 45ರಿಂದ 55ರಲ್ಲಿ ಓಡ್ಸಿ ಅಂತ ಹೇಳ್ತಾ ಬಂದಿರೋದು ಇದಕ್ಕೇ. ಮೂರನೇ ಗೇರಲ್ಲಿ ಎಳೀತಾ ಹೋಗೋದು, ಕ್ಲಚ್ ಅರ್ಧ ಹಿಡ್ಕೊಂಡೇ ಟ್ರಾಫಿಕ್ಕಲ್ಲಿ ನಿಲ್ಲೋದು, ಮುಂದೆ ಕೆಂಪು ಸಿಗ್ನಲ್ ಕಾಣ್ತಿದ್ರೂ ಅಲ್ಲಿವರೆಗೂ ಗ್ಯಾಸ್ ಕೊಟ್ಕೊಂಡ್ ಹೋಗಿ ಗಕ್ಕನೆ ಬ್ರೇಕ್ ಹಾಕೋದು, ಇವೆಲ್ಲಾ ದುಡ್ಡು ಸುಟ್ಟ ಹಾಗೆ.

ಇಳಿಜಾರಲ್ಲಿ ನ್ಯೂಟ್ರಲ್ ಮಾಡೋ ಚಟ ಇದೆಯಲ್ಲ, ಅದಂತೂ ಬೇಡ. ದೇವರಾಯನದುರ್ಗದಿಂದ ಇಳಿಯುವಾಗ ಇಂಜಿನ್ನೇ ಆಫ್ ಮಾಡ್ಕೊಂಡು ಬರೋ ಹುಡುಗ್ರನ್ನ ನೋಡ್ತಿರ್ತೀನಿ. ಕಾರಲ್ಲಿ ಇಂಜಿನ್ ಆಫ್ ಆದ್ರೆ ಎರಡು ಮೂರು ಸಲ ಪೆಡಲ್ ಒತ್ತೋಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತೆ, ಪವರ್ ಸ್ಟೀರಿಂಗೂ ಹೋಯ್ತು. ತಮಾಷೆ ಏನಂದ್ರೆ ಇಂಜೆಕ್ಷನ್ ಗಾಡಿ ಗೇರಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಸಾಮಾನ್ಯವಾಗಿ ಪೆಟ್ರೋಲ್ ಸಪ್ಲೈನೇ ಕಟ್ ಆಗುತ್ತೆ, ಇಳಿಜಾರೇ ಇಂಜಿನ್ ತಿರುಗಿಸ್ತಿರುತ್ತೆ. ನ್ಯೂಟ್ರಲ್‌ಗೆ ಹಾಕಿದ್ರೆ ಐಡ್ಲಿಂಗ್‌ಗೆ ಅಂತ ಪೆಟ್ರೋಲ್ ಕುಡಿಯೋಕ್ ಶುರು ಮಾಡುತ್ತೆ. ಅಂದ್ರೆ ಗೇರಲ್ಲಿ ಇಳಿಯೋದೇ ಸೇಫು, ಅದೇ ಅಗ್ಗ.

ಬೆಳಗಿನ ಜಾವ ತಣ್ಣಗಿರುವಾಗ ಹಾಕಿಸಿದ್ರೆ ಜಾಸ್ತಿ ಪೆಟ್ರೋಲ್ ಸಿಗುತ್ತೆ ಅಂತ ವಾಟ್ಸಾಪಲ್ಲಿ ಬರ್ತಾನೇ ಇರುತ್ತೆ. ಪೆಟ್ರೋಲ್ ಹತ್ತು ಡಿಗ್ರಿ ಬಿಸಿ ಆದ್ರೆ ಹಿಗ್ಗೋದು ಸುಮಾರು 1%, ಬಂಕಿನ ಟ್ಯಾಂಕ್ ಇರೋದು ನೆಲದ ಕೆಳಗೆ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಎಲ್ಲಿಂದ ಬರಬೇಕು. ನೂರರ ಬದಲು ನೂರಹತ್ತು ರೂಪಾಯಿದು ಹಾಕ್ಸಿ ಅನ್ನೋದೂ ಅದೇ ಜಾತಿ. ಅನುಮಾನ ಇದ್ರೆ ಬಂಕಲ್ಲಿ 5 ಲೀಟರ್ ಅಳತೆ ಕ್ಯಾನ್ ಇಟ್ಟಿರ್ಲೇಬೇಕು, ತೋರ್ಸಿ ಅಂತ ಕೇಳಿ, ನಿಮ್ ಹಕ್ಕದು. ಪೈಪಿಗೆ ಕಟ್ಟೋ ಮ್ಯಾಗ್ನೆಟ್ಟು, ಟ್ಯಾಂಕಿಗೆ ಹಾಕೋ ಮಾತ್ರೆ, ಇವಕ್ಕೆಲ್ಲ ದುಡ್ಡು ಕೊಡೋ ಬದಲು ಆ ದುಡ್ಡಿಗೇ ಪೆಟ್ರೋಲ್ ಹಾಕಿಸ್ಕೊಳ್ಳಿ.

ಎಥನಾಲ್ ವಿಷ್ಯ ಬಿಟ್ರೆ ಕಾಮೆಂಟಲ್ಲಿ ಬೈತೀರ, ಹೇಳ್ಬಿಡ್ತೀನಿ. ಈಗ ಬಂಕಲ್ಲಿ ಸಿಗೋ ಮಾಮೂಲಿ ಪೆಟ್ರೋಲಲ್ಲಿ 20% ಎಥನಾಲ್, ನಮ್ ಬೆಳಗಾವಿ ಬಾಗಲಕೋಟೆ ಕಡೆ ಸಕ್ಕರೆ ಫ್ಯಾಕ್ಟರಿಗಳೂ ಮಾಡೋದು. ಒಂದು ಲೀಟರ್ ಎಥನಾಲಲ್ಲಿ ಇರೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ, ಹಂಗಾಗಿ ಮೈಲೇಜ್ ಸ್ವಲ್ಪ ಬೀಳೋದು ನಿಜ. ನೀತಿ ಆಯೋಗದ 2021ರ ವರದಿನೇ ಹಳೇ ಟೂ ವೀಲರ್‌ಗಳಿಗೆ 3ರಿಂದ 4%, ಹಳೇ ಕಾರುಗಳಿಗೆ 6ರಿಂದ 7% ಅಂತ ಅಂದಾಜು ಕೊಟ್ಟಿತ್ತು. 60 ಕೊಡ್ತಿದ್ದ ಬೈಕು 58 ಆದ್ರೆ ಎಥನಾಲ್ ಮೇಲೆ ಹಾಕ್ಬೋದು, 45ಕ್ಕೆ ಇಳಿದ್ರೆ ಎಥನಾಲ್ ಬೈಬೇಡಿ, ಮತ್ತೆ ಹಿಂದಿನ ಚಕ್ರ ತಿರುಗ್ಸಿ. ಎಥನಾಲ್ ನೀರು ಹೀರ್ಕೊಳುತ್ತೆ, ಮಳೆಗಾಲದಲ್ಲಿ ಟ್ಯಾಂಕ್ ಮುಚ್ಚಳದ ರಬ್ಬರ್ ಹರಿದಿದ್ರೆ ಬದಲಾಯಿಸ್ಬಿಡಿ.

ಕೊನೇದಾಗಿ ಲೆಕ್ಕ ಒಂದು, ಮನೇಲಿ ಬೈಕು ಕಾರು ಎರಡೂ ಇರೋರಿಗೆ. ಬೈಕನ್ನ 60ರಿಂದ 65ಕ್ಕೆ ಏರ್ಸಿದ್ರೆ ಸಾವಿರ ಕಿಲೋಮೀಟರಿಗೆ ಉಳಿಯೋದು ಒಂದೂಕಾಲು ಲೀಟರ್ ಚಿಲ್ಲರೆ. ಕಾರನ್ನ 10ರಿಂದ 12ಕ್ಕೆ ಏರ್ಸಿದ್ರೆ ಅದೇ ಸಾವಿರಕ್ಕೆ ಹದಿನಾರು ಲೀಟರಿಗಿಂತ ಜಾಸ್ತಿ. ಎರಡೇ ಕಿಲೋಮೀಟರ್ ಏರಿದ್ದು, ಉಳಿತಾಯ ನೋಡಿ! ಆದ್ರೂ ಎಲ್ರೂ ಬೈಕಿಗೆ ತಲೆ ಕೆಡಿಸ್ಕೊಂಡು ಕಾರು ‘ಅದು ಅಷ್ಟೇ ಕೊಡೋದು’ ಅಂತ ಬಿಟ್ಬಿಡ್ತಾರೆ. ನಮ್ ಭಾವನ ಕಾರಿನ ಮೇಲೆ ಕ್ಯಾರಿಯರ್ ಇದೆ, ಖಾಲಿನೇ ಓಡ್ತಿರುತ್ತೆ, ಗಾಳಿಗೆ ಅಡ್ಡ, ಡಿಕ್ಕಿಲಿ ಬೇರೆ ಅಡಿಕೆ ಸುಲಿಯೋ ಕತ್ತಿಯಿಂದ ಹಿಡಿದು ಎರಡು ಸ್ಟೆಪ್ನಿವರೆಗೂ ಇದೆ. ಬಿಚ್ಚಿಡಿ ಭಾವ, ಹೈವೇಲಿ ಫರಕ್ ಗೊತ್ತಾಗುತ್ತೆ ಅಂದ್ರೆ, ‘ಮದುವೆ ಸೀಸನ್ ಮುಗೀಲಿ ತಡಿಯೋ’ ಅಂತಾರೆ.