ಹಿಮದಲ್ಲೊಂದು ಕುರ್ಚಿ

ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಕುರ್ಚಿ ಎತ್ತಿ ಪಕ್ಕಕ್ಕಿಟ್ಟು ಮಾನ ಕಳ್ಕೊಂಡೆ. ಹಳೇ ಕಬ್ಬಿಣದ ಮಡಚೋ ಕುರ್ಚಿ, ಒಂದು ಕಾಲು ಸೊಟ್ಟ. ನಮ್ಮ ಬೀದಿಯಲ್ಲಿ ಹಿಮ ಬಾಚಿದ್ದ ಜಾಗದ ನಡುವೆ ನಿಂತಿತ್ತು. ಯಾರೋ ಬಿಸಾಡಿದ್ದಾರೆ ಅಂದುಕೊಂಡು ಅಲ್ಲೇ ಕಾರು ನಿಲ್ಲಿಸಿ ಮಲಗಿಬಿಟ್ಟೆ.

ಬೆಳಿಗ್ಗೆ ಎಂಟಕ್ಕೆ ಯಾರೋ ಬಾಗಿಲು ಬಡಿದರು. ಎದುರುಮನೆಯವರು. ನರ್ಸು, ರಾತ್ರಿ ಶಿಫ್ಟ್ ಮುಗಿಸಿ ಬಂದವರು ಇನ್ನೂ ಆಸ್ಪತ್ರೆ ಬಟ್ಟೆಯಲ್ಲೇ ಇದ್ದರು. ಬೈಯಲಿಲ್ಲ. "ಎರಡು ಗಂಟೆ ಸಲಿಕೆ ಹಿಡಿದು ಬಿಡಿಸಿದ ಜಾಗ ಅದು" ಅಂದರು, ಅಷ್ಟೇ. ಇಲ್ಲಿ ಹಿಮ ಬಿದ್ದಾಗ ನೀವು ಬಾಚಿದ ಜಾಗಕ್ಕೆ ಕುರ್ಚಿ ಇಟ್ಟರೆ ಆ ಜಾಗ ನಿಮ್ಮದು. ಕಾನೂನಿನಲ್ಲಿ ಹಾಗೇನೂ ಇಲ್ಲ, ಆದರೂ ಯಾರೂ ಮುಟ್ಟಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವನಿಗೆ ಇಷ್ಟು ಹೊಳೆಯಬೇಡವಾ!

ಆಮೇಲೆ ಸ್ನೇಹವಾಯಿತು. ಅವರ ಮಾತಲ್ಲಿ ಒಂದು ಪದ ಪದೇ ಪದೇ ಬರುತ್ತಿತ್ತು: ಡೇಲೈಟ್. "ಮುಂದಿನ ವಾರ ನನಗೆ ಡೇಲೈಟ್" ಅಂದರೆ ಹಗಲು ಶಿಫ್ಟ್. ಅಮೆರಿಕದ ಬೇರೆ ಊರಲ್ಲಿ ನಾನು ಈ ಮಾತು ಕೇಳಿರಲಿಲ್ಲ. ಕೇಳಿದ್ದಕ್ಕೆ "ಅದು ಅಪ್ಪನ ಮಿಲ್ಲಿನ ಮಾತು, ನಮ್ಮ ಆಸ್ಪತ್ರೆಯಲ್ಲೂ ಎಲ್ಲರೂ ಹಾಗೇ ಅನ್ನೋದು" ಅಂದರು.

ಅವರ ಅಪ್ಪನಿಗೆ ಈಗ ಎಂಬತ್ತರ ಹತ್ತಿರ. ನದಿಯಾಚೆಯ ಹೋಮ್‌ಸ್ಟೆಡ್ ಉಕ್ಕಿನ ಮಿಲ್ಲಿನಲ್ಲಿ ದುಡಿದವರು. 1892ರಲ್ಲಿ ಮುಷ್ಕರ ಮಾಡಿದ ಕೆಲಸಗಾರರಿಗೂ ಕಂಪನಿ ಕರೆಸಿದ ಪಿಂಕರ್ಟನ್ ಕಾವಲುಗಾರರಿಗೂ ಗುಂಡಿನ ಕಾಳಗವೇ ನಡೆದದ್ದು ಅಲ್ಲಿ, ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಉಕ್ಕು ಹೋದದ್ದೂ ಅಲ್ಲಿಂದ. 1986ರಲ್ಲಿ ಮಿಲ್ ಮುಚ್ಚಿತು. ಈಗ ಅದು ವಾಟರ್‌ಫ್ರಂಟ್ ಅನ್ನೋ ಶಾಪಿಂಗ್ ಜಾಗ, ಸಿನಿಮಾ ಥಿಯೇಟರ್ ಹತ್ತಿರ ಇಟ್ಟಿಗೆಯ ಹನ್ನೆರಡು ಚಿಮಣಿಗಳನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಒಂದು ಭಾನುವಾರ ಆ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಚಿಮಣಿ ಕಡೆ ಕಣ್ಣು ಕೂಡ ಹಾಯಿಸಲಿಲ್ಲ, ಪಾರ್ಕಿಂಗಿನಲ್ಲಿ ಕಾರುಗಳ ಮಧ್ಯೆ ನಿಂತು ಯಾವ ಶೆಡ್ ಎಲ್ಲಿತ್ತು, ಬೇಸಿಗೆಯಲ್ಲಿ ಯಾರು ಉಪ್ಪಿನ ಮಾತ್ರೆ ನುಂಗುತ್ತಿದ್ದರು, ಯಾವ ಗೇಟಿನಿಂದ ಹೊರಬಿದ್ದರೆ ಬಾರ್ ಹತ್ತಿರ ಅಂತ ಕೈ ತೋರಿಸುತ್ತಾ ಹೇಳುತ್ತಾ ಹೋದರು. ನನಗೆ ಕಂಡದ್ದು ಶಾಪಿಂಗ್ ಗಾಡಿಗಳ ಸಾಲು ಮಾತ್ರ.

1950ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸುಮಾರು 6.76 ಲಕ್ಷ ಜನ ಇದ್ದರು, 2020ರ ಗಣತಿಯಲ್ಲಿ ಸುಮಾರು ಮೂರು ಲಕ್ಷ. ಊರ ನಡುವಿನ 64 ಮಹಡಿಯ ಕಟ್ಟಡದ ಹೆಸರು ಈಗಲೂ ಉಕ್ಕಿನ ಕಂಪನಿಯದೇ, ಯುಎಸ್ ಸ್ಟೀಲ್ ಟವರ್, ಆದರೆ ನೆತ್ತಿಯ ಮೇಲೆ ಬೆಳಗುವ ಅಕ್ಷರಗಳು ಯುಪಿಎಂಸಿ ಅನ್ನೋ ಆಸ್ಪತ್ರೆ ಸಂಸ್ಥೆಯದು. ಉಕ್ಕು ಹೋಗಿ ಆಸ್ಪತ್ರೆ ಬಂದದ್ದನ್ನು ಪತ್ರಿಕೆಗಳು ಊರು ಚೇತರಿಸಿಕೊಂಡ ಕತೆ ಅಂತ ಬರೆಯುತ್ತವೆ. ಇರಬಹುದು. ಕೆಲಸ ಕಳೆದುಕೊಂಡವರೇ ಹೊಸ ಕೆಲಸ ಹಿಡಿದರು ಅಂತ ಮಾತ್ರ ತಿಳಿಯಬೇಡಿ. ಈ ಅಪ್ಪ ಮಿಲ್ ಮುಚ್ಚಿದ ಮೇಲೆ ಹತ್ತು ವರ್ಷ ಸಿಕ್ಕ ಸಿಕ್ಕ ಕೆಲಸ ಮಾಡಿದರು, ಅವರ ಜೊತೆಯವರು ಸುಮಾರು ಜನ ಊರೇ ಬಿಟ್ಟರು.

ಈ ಸಲ ನಾನೂ ಒಂದು ಕುರ್ಚಿ ತಂದೆ. ನೀಲಿ ಪ್ಲಾಸ್ಟಿಕ್‌ದು. ಹಿಮ ಬಾಚಿ, ಬೀಗುತ್ತಾ ನಡುವೆ ಇಟ್ಟೆ. ಮುದುಕರು ಎದುರುಮನೆ ಜಗಲಿಯಿಂದಲೇ ನೋಡಿ ತಲೆ ಆಡಿಸಿದರು. "ಗಾಳಿಗೆ ಹಾರಿ ಹೋಗುತ್ತೆ. ಕಬ್ಬಿಣದ್ದು ತರಬೇಕಿತ್ತು."