ಇಪ್ಪತ್ತು ದಾಟಿದ ಮಾರುತಿ 800 ಮತ್ತು ವಿದ್ಯಾರ್ಥಿಯ ಜೇಬು

ಹಳೆಯ ಕಾರು ಎಂದ ಕೂಡಲೇ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಓಡಿದೆ?’ ಎಂದು. ನನ್ನ ಬಳಿ ಇರುವ 2004ರ ಮಾರುತಿ 800 ಅದರ ವಯಸ್ಸಿಗೆ ಹೋಲಿಸಿದರೆ ತೀರಾ ಕಡಿಮೆ ಓಡಿದೆ. ತೀರ್ಥಹಳ್ಳಿಯ ಸೋದರಮಾವ ಅದನ್ನು ಪೇಟೆಗೆ, ಆಸ್ಪತ್ರೆಗೆ, ನೆಂಟರ ಮದುವೆಗೆ ಬಿಟ್ಟರೆ ಕೊಟ್ಟಿಗೆಯ ಪಕ್ಕದ ತಗಡಿನ ಚಾವಣಿಯಿಂದ ಹೊರಗೆ ತೆಗೆದದ್ದೇ ಅಪರೂಪ. ಆದರೂ ಅದು ನನ್ನ ಕೈಗೆ ಬಂದಾಗ ಸರಿಯಿಲ್ಲದ ಭಾಗಗಳೇ ಹೆಚ್ಚಾಗಿದ್ದವು. ಎಂಜಿನ್ನಿನೊಳಗಿನ ಪಿಸ್ಟನ್ನು, ಬೇರಿಂಗುಗಳು ಸವೆಯುವುದು ಕಿಲೋಮೀಟರ್ ಲೆಕ್ಕದಲ್ಲಿ. ರಬ್ಬರು, ತಗಡು, ತಂತಿಯ ತುದಿಗಳು ಹಾಳಾಗುವುದು ವರ್ಷದ ಲೆಕ್ಕದಲ್ಲಿ, ಅದರಲ್ಲೂ ಮಲೆನಾಡಿನ ಮಳೆಗಾಲಗಳ ಲೆಕ್ಕದಲ್ಲಿ. ಕಡಿಮೆ ಹಣದಲ್ಲಿ ಹಳೆಯ ಕಾರನ್ನು ಇಟ್ಟುಕೊಳ್ಳಬೇಕೆನ್ನುವವರು ಎಂಜಿನ್ನಿನ ಚಿಂತೆಯನ್ನು ಸ್ವಲ್ಪ ಬದಿಗಿಟ್ಟು, ಇರುವ ರೂಪಾಯಿಗಳನ್ನು ಮೊದಲು ರಬ್ಬರಿನ ಮೇಲೂ ನೀರಿನ ಮೇಲೂ ಸುರಿಯಬೇಕೆಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗೆ ಕಾರೇಕೆ ಎಂಬ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ. ನಾನು ಓದುತ್ತಿರುವುದು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ, ಭೌತಶಾಸ್ತ್ರದ ಎಂ.ಎಸ್ಸಿ. ಅಮ್ಮನನ್ನು ಆಗಾಗ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಬೇಕು, ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಗೆ ಕಷ್ಟ. ಮಾವ ಕಾರನ್ನು ಗುಜರಿಗೆ ಹಾಕುವ ಮಾತಾಡಿದಾಗ ನನಗೆ ಕೊಡಿ ಎಂದು ಕೇಳಿಕೊಂಡೆ. ವಿದ್ಯಾರ್ಥಿವೇತನ ಮತ್ತು ಪಿಯುಸಿ ಮಕ್ಕಳಿಗೆ ಹೇಳಿಕೊಡುವ ಟ್ಯೂಷನ್ನಿನ ಹಣ ಬಿಟ್ಟರೆ ನನಗೆ ಬೇರೆ ಆದಾಯವಿಲ್ಲ.

ಈ ಕಾರಿನ ಮಟ್ಟಿಗೆ ಒಂದು ಅನುಕೂಲವಿದೆ. ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ, ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂರು ಸಿಲಿಂಡರಿನ ಅದೇ 796 ಸಿಸಿ ಎಂಜಿನ್ನಿನ ಓಮ್ನಿ ವ್ಯಾನುಗಳು 2019ರವರೆಗೂ ಬರುತ್ತಿದ್ದವು. ಹೀಗಾಗಿ ಎಂಜಿನ್ನಿಗೆ ಬೇಕಾದ ಗ್ಯಾಸ್ಕೆಟ್ಟು, ಬೆಲ್ಟು, ಸೀಲುಗಳು ಸಣ್ಣ ತಾಲ್ಲೂಕು ಕೇಂದ್ರದ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತವೆ, ಮತ್ತು ಈ ಎಂಜಿನ್ನನ್ನು ಬಿಚ್ಚಿ ಗೊತ್ತಿಲ್ಲದ ಮೆಕ್ಯಾನಿಕ್ ಇಡೀ ಜಿಲ್ಲೆಯಲ್ಲಿ ಸಿಗಲಾರ. ಅಪರೂಪದ ವಿದೇಶಿ ಹಳೆಯ ಕಾರನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ: ಕಾರಿನ ಬೆಲೆ ನೋಡಬೇಡಿ, ಅದರ ಬಾಗಿಲಿನ ಹಿಡಿಕೆ ಮುರಿದರೆ ಎಲ್ಲಿ ಸಿಗುತ್ತದೆ ಎಂಬುದನ್ನು ನೋಡಿ.

ಮೊದಲು ಕಾಡಿದ್ದು ಸ್ಟಾರ್ಟಿಂಗ್ ತೊಂದರೆ. ಕೀ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು, ಕೆಲವೊಮ್ಮೆ ನಿದ್ದೆಗಣ್ಣಿನ ಒಂದೆರಡು ಸುತ್ತು, ಅಷ್ಟೇ. ತೋರಿಸಿದ ಗ್ಯಾರೇಜಿನಲ್ಲಿ ಸ್ಟಾರ್ಟರ್ ಮೋಟಾರ್ ಹೋಗಿದೆ, ಬ್ಯಾಟರಿಯೂ ಬದಲಾಗಬೇಕು ಎಂದರು. ಅವರು ಹೇಳಿದ ಮೊತ್ತ ನನ್ನ ಎರಡು ತಿಂಗಳ ಖರ್ಚಿಗೆ ಸಮ. ಪ್ರಯೋಗಾಲಯದಲ್ಲಿ ದಿನವೂ ಕೈಯಾಡಿಸುವ ಮಲ್ಟಿಮೀಟರ್ ಇಲ್ಲಿ ನೆರವಿಗೆ ಬಂತು. ಎಂಜಿನ್ ನಿಂತಿರುವಾಗ ಬ್ಯಾಟರಿ 12.5 ವೋಲ್ಟಿನ ಆಸುಪಾಸು ತೋರಿಸುತ್ತಿತ್ತು, ಅಂದರೆ ಬ್ಯಾಟರಿಯ ಚಾರ್ಜು ಖಾಲಿಯಾಗಿರಲಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು, ತಂಗಿಗೆ ಕೀ ತಿರುಗಿಸಲು ಹೇಳಿದೆ. ಈ ಎರಡು ಬಿಂದುಗಳ ನಡುವೆ ದಪ್ಪ ತಂತಿಯೊಂದೇ ಇರುವುದರಿಂದ ಮೀಟರು ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸಬೇಕು. ಅದು ಎರಡು ವೋಲ್ಟನ್ನೂ ದಾಟಿತು. ಸ್ಟಾರ್ಟರ್ ತಿರುಗುವಾಗ ನೂರು ಆಂಪಿಯರ್ ಆಸುಪಾಸಿನ ಕರೆಂಟು ಹರಿಯುವುದರಿಂದ, ಆ ಹಾದಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ರೋಧವಿದ್ದರೂ ಒಂದು ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಆ ದಪ್ಪ ತಂತಿಯನ್ನು, ಅಂದರೆ ಅರ್ಥಿಂಗ್ ಪಟ್ಟಿಯನ್ನು, ಬಿಚ್ಚಿ ನೋಡಿದರೆ ಬೋಲ್ಟಿನ ಅಡಿಯ ಲಗ್ಗಿನಲ್ಲಿ (ತಂತಿಯ ತುದಿಯ ಲೋಹದ ಬಳೆಯಲ್ಲಿ) ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರುತ್ತಿದ್ದವು. ಹೊಸ ಪಟ್ಟಿ ಕೆಲವೇ ನೂರು ರೂಪಾಯಿ. ಅದು ಕೂರುವ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿದ ಮೇಲೆ ಅದೇ ಸ್ಟಾರ್ಟರ್, ಅದೇ ಬ್ಯಾಟರಿ ಇವತ್ತಿಗೂ ಕೆಲಸ ಮಾಡುತ್ತಿವೆ.

ಮಲ್ಟಿಮೀಟರ್ ಇಟ್ಟುಕೊಳ್ಳಿ ಎಂದು ಹೇಳುವ ಜೊತೆಗೇ, ಮೊಬೈಲಿಗೆ ಜೋಡಿಸಿ ಕಾರಿನ ಕಂಪ್ಯೂಟರು ದಾಖಲಿಸಿದ ದೋಷಗಳನ್ನು ಓದುವ ಅಗ್ಗದ ಒಬಿಡಿ ಸ್ಕ್ಯಾನರನ್ನು ಇಂಥ ಕಾರಿಗೆ ಕೊಳ್ಳಬೇಡಿ ಎಂದೂ ಹೇಳಬೇಕು. ನಮ್ಮಲ್ಲಿ ಕಾರುಗಳಿಗೆ ಒಬಿಡಿ ಕಡ್ಡಾಯವಾದದ್ದು 2010ರಿಂದ, ಬಿಎಸ್-4 ಎಂಬ ಹೊಗೆ ನಿಯಮದ ಜೊತೆಯಲ್ಲಿ. ಅದಕ್ಕಿಂತ ಹಿಂದಿನ ಕಾರಿನಲ್ಲಿ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರಿನ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇದ್ದರೂ ಆ ಸ್ಕ್ಯಾನರುಗಳ ಜೊತೆ ಅದು ಮಾತಾಡುತ್ತದೆಂಬ ಖಾತರಿಯಿಲ್ಲ.

ಇನ್ನು ಕೂಲಿಂಗ್ ವ್ಯವಸ್ಥೆ. ಹಣ ಉಳಿಸಲು ಹೋಗಿ ಹಣ ಕಳೆದುಕೊಳ್ಳುವ ಜಾಗ ಇದೊಂದೇ ಎಂದರೂ ತಪ್ಪಿಲ್ಲ. ಈ ಎಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ, ಅಲ್ಯೂಮಿನಿಯಮ್ಮಿನದು. ಒಮ್ಮೆ ಕುದಿದರೆ ಅದು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಆಮೇಲೆ ಹೆಡ್ ಬಿಚ್ಚಿ ಲೇತಿನಲ್ಲಿ ಸಮಮಾಡಿಸಿ ಕೂರಿಸುವ ಹೊತ್ತಿಗೆ ಸಾವಿರಗಳು ಎಣಿಸಿದಂತೆ ಹೋಗುತ್ತವೆ. ಮಾವ ವರ್ಷಗಳಿಂದ ರೇಡಿಯೇಟರಿಗೆ ತೋಟದ ಬೋರ್‌ವೆಲ್ ನೀರನ್ನೇ ತುಂಬುತ್ತಿದ್ದರು. ಕೊಳವೆ ಕಳಚಿದಾಗ ಒಳಗಿನಿಂದ ಇಳಿದದ್ದು ಇಟ್ಟಿಗೆ ಬಣ್ಣದ ಕೆಸರು. ಕೂಲಂಟನ್ನು ಬರೀ ಬಣ್ಣದ ನೀರು ಎಂದು ತಿಳಿದವರು ಬಹಳ. ಅದರಲ್ಲಿರುವ ತುಕ್ಕುನಿರೋಧಕಗಳೇ ಅದರ ನಿಜವಾದ ಬೆಲೆ, ಮತ್ತು ಅದನ್ನು ಬೆರೆಸಬೇಕಾದದ್ದು ಡಿಸ್ಟಿಲ್ಡ್ ನೀರಿನೊಂದಿಗೆ. ತಿಳಿಯಾದ ನೀರು ಬರುವವರೆಗೆ ತೊಳೆದು, ಮೆತ್ತಗಾಗಿದ್ದ ಮೇಲಿನ ಮತ್ತು ಕೆಳಗಿನ ಹೋಸುಗಳನ್ನು, ಥರ್ಮೋಸ್ಟಾಟನ್ನು, ರೇಡಿಯೇಟರ್ ಮುಚ್ಚಳವನ್ನು ಒಟ್ಟಿಗೆ ಬದಲಿಸಿದೆ. ಮುಚ್ಚಳ ಪುಟ್ಟದೆಂದು ಅದನ್ನು ಬಿಡುವಂತಿಲ್ಲ, ಏಕೆಂದರೆ ಅದರ ಸ್ಪ್ರಿಂಗು ಹಿಡಿದಿಡುವ ಒತ್ತಡದಿಂದಲೇ ಒಳಗಿನ ದ್ರವದ ಕುದಿಬಿಂದು 100 ಡಿಗ್ರಿಗಿಂತ ಸಾಕಷ್ಟು ಮೇಲಿರುತ್ತದೆ. ಆ ಮೇಲೆ ಸೋಮೇಶ್ವರದಿಂದ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತಿಸಿದೆ. ಉಷ್ಣತೆಯ ಮುಳ್ಳು ಅರ್ಧವನ್ನು ದಾಟಲಿಲ್ಲ.

ಅದೇ ಘಾಟಿಯನ್ನು ಇಳಿಯುವಾಗ ಪರೀಕ್ಷೆ ಬ್ರೇಕಿನದು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-3 ಎಂಬ ದರ್ಜೆಯ ದ್ರವಕ್ಕೆ ಗೊತ್ತುಪಡಿಸಿದ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 205 ಡಿಗ್ರಿ, ತೇವ ಸೇರಿದ ಮೇಲೆ 140 ಡಿಗ್ರಿ. ಆಗುಂಬೆಯಂಥ ಮಳೆಯ ಊರಿನ ಪಕ್ಕದಲ್ಲಿದ್ದುಕೊಂಡು ಅದನ್ನು ಎರಡು ವರ್ಷಕ್ಕೊಮ್ಮೆಯೂ ಬದಲಿಸದೆ ಇರುವುದು ಉಳಿತಾಯವಲ್ಲ. ಟಯರು ಕೊಳ್ಳುವಾಗಲೂ ಮೇಲ್ಮೈಯ ಗೆರೆಗಳ ಆಳವನ್ನಷ್ಟೇ ನೋಡದೆ, ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯನ್ನು ಓದಬೇಕು: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಅರೆಬೆಲೆಗೆ ಸಿಗುವ ‘ಹೊಸ’ ಟಯರು ಅನೇಕ ವೇಳೆ ಗೋದಾಮಿನಲ್ಲಿ ಮುದಿಯಾದದ್ದಾಗಿರುತ್ತದೆ.

ಪೆಟ್ರೋಲಿನ ವಿಷಯವೂ ಈಗ ರಬ್ಬರಿನ ವಿಷಯವೇ. ಬಂಕಿನಲ್ಲಿ ಸಿಗುತ್ತಿರುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು, 2004ರಲ್ಲಿ ಈ ಕಾರನ್ನು ಕಟ್ಟಿದವರ ಲೆಕ್ಕದಲ್ಲಿ ಇಲ್ಲದ ವಸ್ತು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಟ್ಯಾಂಕಿನ ಹತ್ತಿರದ ಕೊಳವೆಯನ್ನು ಬೆರಳಲ್ಲಿ ಬಾಗಿಸಿ ನೋಡಿದರೆ ಮೇಲ್ಮೈಯಲ್ಲಿ ಸಣ್ಣ ಗೆರೆಗಳ ಜಾಲವೇ ಕಂಡಿತು. ಎಲ್ಲವನ್ನೂ ಎಥನಾಲ್ ತಡೆಯುವ ಕೊಳವೆಗಳಿಗೆ ಬದಲಿಸಿದೆ. ಇಲ್ಲೊಂದು ಎಚ್ಚರಿಕೆ: ಕಾರ್ಬ್ಯುರೇಟರ್ ಕಾರಿಗೆಂದು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಕೊಳವೆಯನ್ನು ಎಂಪಿಎಫ್‌ಐ ಕಾರಿಗೆ ಹಾಕಬಾರದು, ಅಲ್ಲಿ ಪೆಟ್ರೋಲು ಎರಡೂವರೆ, ಮೂರು ಬಾರ್ ಒತ್ತಡದಲ್ಲಿ ಹರಿಯುತ್ತದೆ. ಬೆಂಕಿ ಹತ್ತಿಕೊಳ್ಳುವ ಜಾಗದಲ್ಲಿ ನೂರಿನ್ನೂರು ಉಳಿಸುವ ಬುದ್ಧಿವಂತಿಕೆ ಬೇಡ. ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಹಲ್ಲಿನ ರಬ್ಬರ್ ಪಟ್ಟಿಗೂ, ಅಂದರೆ ಟೈಮಿಂಗ್ ಬೆಲ್ಟಿಗೂ, ಇದೇ ಮಾತು. ಕಡಿಮೆ ಓಡಿದೆಯೆಂದು ಮಾವ ಅದನ್ನು ಮುಟ್ಟಿಯೇ ಇರಲಿಲ್ಲ, ಹಲ್ಲುಗಳ ಬುಡದಲ್ಲಿ ಆಗಲೇ ಸೀಳು ಕಾಣಿಸಿಕೊಂಡಿತ್ತು.

ತುಕ್ಕಿನ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ಚಾಲಕನ ಕಾಲಡಿಯ ಮ್ಯಾಟು ಎತ್ತಿದಾಗ ಕೆಳಗಿನ ನಾರಿನ ಹಾಸು ನೀರು ಕುಡಿದು ಭಾರವಾಗಿತ್ತು, ಅದನ್ನು ಸುತ್ತಿ ತೆಗೆದ ಮೇಲೆ ತಗಡಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ತುದಿ ಹಪ್ಪಳ ಮುರಿದಂತೆ ಸದ್ದುಮಾಡಿ ಕೆಳಗಿಳಿಯಿತು. ಅಲ್ಲಿಗೆ ತೇಪೆ ಹಾಕಿಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕದಿದ್ದರೆ ಎರಡು ಮಳೆಗಾಲದಲ್ಲಿ ತೇಪೆಯೂ ಹೋಗುತ್ತದೆ. ಮುಂಗಾಜಿನ ಕೆಳಗೆ, ವೈಪರಿನ ಬುಡದಲ್ಲಿರುವ ಜಾಲರಿಯೊಳಗೆ ಹಲಸಿನ ಎಲೆ, ಅಡಿಕೆಯ ಹಿಂಗಾರದ ಚೂರುಗಳು ಕೊಳೆತು ಗೊಬ್ಬರವಾಗಿ, ನೀರು ಹೊರಹೋಗುವ ತೂತುಗಳು ಮುಚ್ಚಿದ್ದವು. ಆ ನೀರು ಒಳಕ್ಕೆ ದಾರಿ ಹುಡುಕಿಕೊಂಡಿತ್ತು. ಬಾಗಿಲುಗಳ ಕೆಳಅಂಚಿನ ತೂತುಗಳದ್ದೂ ಅದೇ ಕಥೆ. ಹಿಡಿಕಡ್ಡಿಯಿಂದ ಅವನ್ನು ಬಿಡಿಸಿದಾಗ ಒಂದು ಬಾಗಿಲಿನಿಂದ ಲೋಟದಷ್ಟು ಕಂದು ನೀರು ಸುರಿಯಿತು. ಒಂದು ಪೈಸೆಯೂ ಖರ್ಚಿಲ್ಲದ ಈ ಕೆಲಸವನ್ನು ಜೂನ್ ಬರುವ ಮೊದಲು ಪ್ರತಿಯೊಬ್ಬ ಮಲೆನಾಡಿನ ಕಾರಿನ ಮಾಲೀಕನೂ ಮಾಡಿದರೆ ತೇಪೆ ಹಾಕುವವರಿಗೆ ಅರ್ಧ ಕೆಲಸ ಕಡಿಮೆಯಾದೀತು.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ತಗಡು ಕೆಲಸದ ಹಿರಿಯರೊಬ್ಬರು ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಕೊಟ್ಟರು. ಉಳಿದ ಕೆಲಸ, ಅಂದರೆ ತಂತಿಬ್ರಷ್ಷಿನಿಂದ ಉಜ್ಜುವುದು, ತುಕ್ಕು ಪರಿವರ್ತಕ ಹಚ್ಚುವುದು, ರೆಡ್ ಆಕ್ಸೈಡ್ ಬಳಿಯುವುದು ನನ್ನದೇ. ತುಕ್ಕಿನ ಮೇಲೆಯೇ ಕಪ್ಪು ಟಾರಿನ ಕೋಟಿಂಗ್ ಹೊಡೆಸಿ ಕೆಳಭಾಗ ಹೊಸದಾಯಿತೆಂದು ಸಮಾಧಾನಪಡುವುದು ಇಲ್ಲಿ ವಾಡಿಕೆ. ಅದು ನೀರನ್ನು ಹೊರಗೆ ತಡೆಯುವುದಕ್ಕಿಂತ ಒಳಗೆ ಹಿಡಿದಿಡುವುದೇ ಹೆಚ್ಚು. ಕೆಳಗೆ ಮಲಗಿ ಕೆಲಸ ಮಾಡುವವರು ಜ್ಯಾಕನ್ನೊಂದೇ ನಂಬಬಾರದು. ಜ್ಯಾಕ್ ಸ್ಟ್ಯಾಂಡುಗಳನ್ನು ನಾನು ಸ್ಪ್ಯಾನರುಗಳಿಗಿಂತ ಮೊದಲು ಕೊಂಡೆ.

ಬಿಡಿಭಾಗಗಳಲ್ಲಿ ಅಸಲಿ ಕಂಪನಿಯ ಡಬ್ಬಿ, ಕಂಪನಿಗೆ ಸರಬರಾಜು ಮಾಡುವವರದೇ ಹೆಸರಿನ ಡಬ್ಬಿ, ಹೆಸರಿಲ್ಲದ ‘ಲೋಕಲ್’ ಮಾಲು, ಗುಜರಿ ಎಂಬ ನಾಲ್ಕು ದಾರಿಗಳಿವೆ. ನಾನು ಹೆಚ್ಚಾಗಿ ಹಿಡಿಯುವುದು ಎರಡನೆಯದನ್ನು. ಗಾಜು, ಬಾಗಿಲ ಹಿಡಿಕೆ, ದೀಪ, ಸೀಟಿನ ಹಳಿಗಳಿಗೆ ಗುಜರಿಯೇ ಸಾಕು, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಇನ್ನೂ ಅಗ್ಗ. ಬ್ರೇಕು, ಸ್ಟಿಯರಿಂಗು, ಬೆಲ್ಟು, ಪೆಟ್ರೋಲ್ ಕೊಳವೆಗಳಿಗೆ ಮಾತ್ರ ಗುಜರಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಕಾಗದಪತ್ರದ ಖರ್ಚನ್ನು ಕಾರಿನ ಖರ್ಚಿನಲ್ಲಿ ಸೇರಿಸದವರೇ ಹೆಚ್ಚು. ಖಾಸಗಿ ಕಾರಿನ ಆರ್.ಸಿ. ಹದಿನೈದು ವರ್ಷಕ್ಕೆ ಮುಗಿದು, ಆಮೇಲೆ ತಪಾಸಣೆಗೆ ಒಳಪಟ್ಟು ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. 2019ರಲ್ಲಿ ಮಾವ ಕಟ್ಟಿದ ನವೀಕರಣ ಶುಲ್ಕ 600 ರೂಪಾಯಿ. 2022ರ ಏಪ್ರಿಲಿನಿಂದ ಅದು 5,000 ಆದದ್ದರಿಂದ 2024ರಲ್ಲಿ ಕಟ್ಟಿದ್ದು ಅಷ್ಟು, ಇಪ್ಪತ್ತು ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000ಕ್ಕೆ ಏರಿಸಿದ್ದಾರೆ. ಸಾವಿರ ಸಿಸಿಯೊಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆ 2,094 ರೂಪಾಯಿ, ಮೇಲೆ ಜಿ.ಎಸ್.ಟಿ. ಹೊಗೆ ತಪಾಸಣೆಯಲ್ಲಿ ನನ್ನದರಂಥ ಬಿಎಸ್-2 ಕಾರಿನ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 0.5, ಏರ್ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್ ಹೊಸದಿದ್ದು, ಎಂಜಿನ್ ಚೆನ್ನಾಗಿ ಕಾದಿರುವಾಗ ಪರೀಕ್ಷಿಸಿದರೆ ನನ್ನ ಕಾರು ನಿರಾಯಾಸವಾಗಿ ಆ ಮಿತಿಯೊಳಗೇ ಉಳಿಯುತ್ತದೆ.

ರಿಪೇರಿ ಮಾಡಿಸದೆ ಬಿಟ್ಟಿರುವುದೂ ಸಾಕಷ್ಟಿದೆ. ಎ.ಸಿ. ಸತ್ತಿದೆ, ಅದರ ಬೆಲ್ಟನ್ನು ಕಳಚಿಟ್ಟಿದ್ದೇನೆ. ಕಂಪ್ರೆಸರಿಗೆ ಹಾಕುವ ಹಣದಲ್ಲಿ ನಾಲ್ಕೂ ಟಯರು ಬರುತ್ತವೆ. ಬಂಪರಿನ ಬಣ್ಣ ಹಾರಿದೆ, ಎಡಗಡೆಯ ಹಿಂಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಗಡಿಯಾರ ಯಾವುದೋ ಕಾಲದಲ್ಲಿ ನಿಂತಿದೆ. ಹಿಂಬದಿಯ ಬಲಚಕ್ರದ ಡ್ರಮ್ಮಿನ ಒಳಗಡೆ ಬ್ರೇಕ್ ದ್ರವದ ಸಣ್ಣ ಜಿನುಗು ಕಂಡಿರುವುದರಿಂದ ಅದನ್ನು ಮಾತ್ರ ಮುಂದಕ್ಕೆ ಹಾಕುವಂತಿಲ್ಲ. ದ್ರವದ ಒತ್ತಡದಿಂದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರುಗಳನ್ನು ಎರಡೂ ಕಡೆಗೆಂದು ಈಗಾಗಲೇ ತಂದಿಟ್ಟಿದ್ದೇನೆ. ಅವು ಕೂರುವವರೆಗೆ ಕಾರು ಹೊರಡುವುದಿಲ್ಲ, ಅಮ್ಮನ ಮುಂದಿನ ತಪಾಸಣೆಗೆ ಆಟೋ ಹೇಳಿದ್ದೇನೆ.