ವಿಜಯದಶಮಿಗೆ ಹಳೇ ಟಬ್ ಒಡೆದದ್ದು

ಶನಿವಾರ, 12 ಅಕ್ಟೋಬರ್ 2024
ಎಡಿಸನ್, ನ್ಯೂಜೆರ್ಸಿ

ನಿನ್ನೆ ಆಯುಧಪೂಜೆಯಲ್ಲಿ ಅಮ್ಮ ಕಾರಿನ ಜೊತೆ ಸುತ್ತಿಗೆ, ಡ್ರಿಲ್, ಗರಗಸಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ಪೂಜೆಗಿಟ್ಟದ್ದನ್ನು ಅವತ್ತೇ ಮುಟ್ಟುವ ಹಾಗಿಲ್ಲ. ಹಾಗಾಗಿ ಕೆಲಸ ಇವತ್ತು ಶುರುವಾಯಿತು. ಅಕ್ಕ, ಭಾವ ಫಿಲಡೆಲ್ಫಿಯಾದಿಂದ ಬೆಳಿಗ್ಗೆಯೇ ಬಂದರು.

1960ರ ದಶಕದ ಮನೆ, ಅಷ್ಟೇ ಹಳೆಯ ಟಬ್. ಮೂರು ಗೋಡೆಗಳ ನಡುವೆ ಕೂರಿಸಿದ 5 ಅಡಿ ಉದ್ದದ ಬೀಡುಕಬ್ಬಿಣ. ನೀರು ಹೋಗುವ ತೂತಿನ ಸುತ್ತ ಎನಾಮಲ್ ಎದ್ದು ತುಕ್ಕು ಹಿಡಿದಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅದರ ಅಂಚಿನ ಎತ್ತರ. ಅಮ್ಮ ಮಂಡಿ ಎತ್ತಿ ಒಳಗೆ ಕಾಲಿಡುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತಿತ್ತು.

ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಟಬ್ ತುಂಬಿಸಿ ಮಲಗಿದವರು ಯಾರೂ ಇಲ್ಲ. "ಮೈ ತೊಳೆದ ನೀರಲ್ಲೇ ಕೂತ್ಕೊಳ್ಳೋದಾ? ಥೂ!" ಅಂತಾರೆ ಅಮ್ಮ. ಟಬ್ಬಿನೊಳಗೆ ಬಕೆಟ್, ಬಕೆಟ್ಟಿನೊಳಗೆ ಚೊಂಬು. ಅಮೆರಿಕದಲ್ಲಿ ಎಷ್ಟು ಕನ್ನಡದ ಮನೆಗಳಲ್ಲಿ ಟಬ್ ಹೀಗೇ ಬಚ್ಚಲಾಗಿದೆಯೋ! ಅಂಗಡಿಯವನು 20 ಇಂಚು ಆಳದ್ದನ್ನು ತೋರಿಸಿ ಆಸೆ ಹುಟ್ಟಿಸುತ್ತಿದ್ದ. ನಾನು ಹುಡುಕುತ್ತಿದ್ದದ್ದು ಅದರ ಉಲ್ಟಾ: 14 ಇಂಚಿನ ಗಿಡ್ಡ ಅಂಚು, ಬಕೆಟ್ ನೆಟ್ಟಗೆ ನಿಲ್ಲುವ ಚಪ್ಪಟೆ ತಳ, ಕಾಲು ಜಾರದ ಹಾಗೆ ಒರಟು ಮೈ. ಟಬ್ಬೇ ಬೇಡ, ಬರೀ ಶವರ್ ಮಾಡಿಸು ಅಂದವರೂ ಇದ್ದರು. ಮನೆಗಿರುವುದು ಇದೊಂದೇ ಟಬ್. ನಾಳೆ ಮಾರುವಾಗ ಚಿಕ್ಕ ಮಕ್ಕಳಿರುವವರು ಮೊದಲು ಕೇಳುವುದೇ ಅದನ್ನ.

ಕೊಳ್ಳುವಾಗ ಎಡವೋ ಬಲವೋ ಅಂತ ಮೊದಲೇ ಗೊತ್ತಿರಬೇಕು. ಟಬ್ಬಿನ ಎದುರು ನಿಂತರೆ ನೀರು ಹೋಗುವ ತೂತು ಯಾವ ಕಡೆ ಇದೆಯೋ ಅದು. ನಮ್ಮದು ಎಡ.

ಬೀಡಿನ ಟಬ್ ಅಂದರೆ 300 ಪೌಂಡಿಗೂ ಜಾಸ್ತಿ ತೂಕ. ಮಹಡಿಯಿಂದ ಇಡಿಯಾಗಿ ಇಳಿಸುವ ಮಾತೇ ಇಲ್ಲ, ಒಡೆಯಲೇಬೇಕು. ನೀರು ಬಂದ್ ಮಾಡಿ, ಅಂಚಿನ ಮೇಲಿನ ಒಂದೆರಡು ಸಾಲು ಟೈಲ್ಸ್ ಕಿತ್ತು, ಡ್ರೇನ್ ಬಿಚ್ಚಿದೆವು. ಹಳೇ ಕಂಬಳಿ ಹೊದಿಸಿ ಭಾವ ಮೊದಲ ಏಟು ಹಾಕಿದರು. ಒಡೆದ ಎನಾಮಲ್ ಚೂರು ಗಾಜಿನ ಹಾಗೆ ಹಾರುತ್ತದೆ. ಕನ್ನಡಕ, ಗ್ಲೌಸ್, ಕಿವಿಗೆ ಮುಚ್ಚಳ ಇಲ್ಲದೆ ಹತ್ತಿರ ಹೋಗಬಾರದು. ಬೀಡು ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಒಂದು ಕಡೆ ಸೀಳಿತು ಅಂದರೆ ಉಳಿದದ್ದು ಸುಲಭ. ಚೂರುಗಳೆಲ್ಲ ಗುಜರಿಗೆ.

ಪಕ್ಕದ ಗೋಡೆ ಬಿಚ್ಚಿದಾಗ ಒಳಗಿಂದ ತುಕ್ಕು ಹಿಡಿದ ಬ್ಲೇಡುಗಳು ರಾಶಿ ರಾಶಿ ಉದುರಿದವು! ಆ ಕಾಲದ ಕನ್ನಡಿ ಕಪಾಟುಗಳ ಹಿಂದೆ ಒಂದು ಸಣ್ಣ ಸೀಳು ಇರುತ್ತಿತ್ತು. ಶೇವ್ ಆದ ಮೇಲೆ ಬ್ಲೇಡನ್ನು ಅದರೊಳಗೆ ಹಾಕಿದರೆ ಸೀದಾ ಗೋಡೆಯ ಟೊಳ್ಳಿಗೆ. ಮುಂದೆ ಯಾರು ತೆಗೀತಾರೆ ಅಂತ ಯಾರೂ ಯೋಚಿಸಿದ ಹಾಗಿಲ್ಲ. "ಈಗ ಗೊತ್ತಾಯ್ತಲ್ಲ, ನಾವೇ," ಅಂದರು ಭಾವ.

ಮಧ್ಯಾಹ್ನ ಪ್ಲಂಬರ್ ಬಂದು ಹೊಸ ಡ್ರೇನ್, ಟಬ್ ತುಂಬಿ ಹೆಚ್ಚಾದ ನೀರು ಹೋಗುವ ಓವರ್‌ಫ್ಲೋ ಪೈಪು ಜೋಡಿಸಿಕೊಟ್ಟ. ಇದನ್ನು ನಾವೇ ಮಾಡುವ ಹುಂಬತನ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ಗೋಡೆಯೊಳಗೆ ಸೋರಿದರೆ ಗೊತ್ತಾಗುವುದು ಕೆಳಗಿನ ಅಡುಗೆಮನೆಯ ಸೀಲಿಂಗ್ ಮೇಲೆ ಕಲೆ ಬಂದಾಗಲೇ.

ಹೊಸ ಟಬ್ ಅಕ್ರಿಲಿಕ್, ಇಬ್ಬರೇ ಸಲೀಸಾಗಿ ಹತ್ತಿಸಿದೆವು. ಗೋಡೆಯ ಮರದ ಕಂಬಗಳಿಗೆ ಅಡ್ಡಪಟ್ಟಿ ಹೊಡೆದು, ಅದರ ಮೇಲೆ ಅಂಚು ಕೂರಿಸಬೇಕು. ಇಲ್ಲೇ ವಾದ ಶುರುವಾಗಿದ್ದು. ರಸಮಟ್ಟ ಇಟ್ಟು ನಾನು ಅಂಚನ್ನು ಸಮ ಮಾಡುತ್ತಿದ್ದೆ.

"ಡ್ರೇನ್ ಕಡೆಗೆ ವಾಟ ಕೊಡ್ಬೇಕಲ್ವೇನಯ್ಯಾ?"

"ಬೇಡ ಭಾವ. ವಾಟ ಟಬ್ಬಿನ ತಳದಲ್ಲೇ ಇರುತ್ತೆ. ಅಂಚು ಮಟ್ಟವಾಗಿದ್ರೆ ಸಾಕು, ನೋಡಿ."

ಊರಿನಲ್ಲಿ ಗಾರೆಯವರು ಬಚ್ಚಲಿಗೆ ವಾಟ ಕೊಡುವುದನ್ನು ನೋಡಿ ಬೆಳೆದವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ಕೊನೆಗೆ ಒಂದು ಮಗ್ ನೀರು ಹಾಕಿ ತೋರಿಸಿದೆ. ಸರಸರ ಹರಿದು ತೂತಿಗೆ ಹೋಯಿತು.

ಆಮೇಲೆ ಗಾರೆ. ಅಕ್ರಿಲಿಕ್ ತಳ ತೆಳು, ಕೆಳಗೆ ಟೊಳ್ಳಿದ್ದರೆ ನಿಂತಾಗ ಕಿರ್ ಅನ್ನುತ್ತದೆ, ಕ್ರಮೇಣ ಬಿರುಕೂ ಬಿಡಬಹುದು. ನೆಲದ ಮೇಲೆ ಗಾರೆಯ ಗುಡ್ಡೆಗಳನ್ನು ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಸಿ, ಟಬ್ ಒತ್ತಿ ಕೂರಿಸಿದೆವು. ರಾತ್ರಿ ಯಾರೂ ಹತ್ತುವ ಹಾಗಿಲ್ಲ. ಅಮ್ಮನಿಗೆ ಕೆಳಗಿನ ಶವರೇ ಗತಿ.

ಭಾನುವಾರ, 13 ಅಕ್ಟೋಬರ್

ಗಾರೆ ಬಿಗಿದಿದೆ. ಟಬ್ ಹತ್ತಿ ಕುಣಿದೆ, ಕಿರ್ ಅನ್ನಲಿಲ್ಲ. ಓವರ್‌ಫ್ಲೋವರೆಗೆ ನೀರು ತುಂಬಿಸಿ ಬಿಟ್ಟೆವು. ಭಾವ ಪ್ರತಿ ಜಾಯಿಂಟನ್ನೂ ಟಿಶ್ಯೂ ಪೇಪರಿನಿಂದ ಒತ್ತಿ ನೋಡಿದರು. ಒಣಗಿಯೇ ಇತ್ತು.

ಮಧ್ಯಾಹ್ನ ಗೋಡೆಗೆ ಸಿಮೆಂಟ್ ಬೋರ್ಡ್ ಹೊಡೆದೆವು. ಅದರ ತುದಿ ಟಬ್ಬಿಗೆ ತಾಗಬಾರದು, ಕಾಲಿಂಚು ಬಿಡಬೇಕು, ಇಲ್ಲವಾದರೆ ನೀರನ್ನು ಮೇಲಕ್ಕೆ ಹೀರುತ್ತದೆ. ಹಿಂದಿನ ಬೆಡ್‌ರೂಮಿನ ಕ್ಲಾಸೆಟ್ ಒಳಗಿಂದ ಪೈಪಿಗೆ ಕೈ ಹೋಗುವಷ್ಟು ಪುಟ್ಟ ಬಾಗಿಲು ಇಟ್ಟಿದ್ದೇವೆ. ಭಾವನ ಐಡಿಯಾ, ಒಳ್ಳೆಯದೇ.

ಟೈಲ್ಸ್ ಮುಂದಿನ ವಾರ. ಅದಾದ ಮೇಲೆ ಟಬ್ಬಿಗೂ ಟೈಲ್ಸಿಗೂ ನಡುವಿನ ಸಂದು ಮುಚ್ಚಲು ಸಿಲಿಕೋನ್. ಖಾಲಿ ಟಬ್ಬಿಗೆ ಅದನ್ನು ಹಚ್ಚಿದರೆ, ಆಮೇಲೆ ನೀರು, ಮನುಷ್ಯರ ಭಾರಕ್ಕೆ ಟಬ್ ಕೊಂಚ ಇಳಿದು ಸಂದು ಬಾಯಿ ಬಿಡುತ್ತದೆ. ಹಾಗಾಗಿ ನೀರು ತುಂಬಿಸಿಕೊಂಡೇ ಹಚ್ಚಿ, ಅದು ಪೂರ್ತಿ ಒಣಗುವವರೆಗೆ ನೀರನ್ನು ಹಾಗೇ ಬಿಡಬೇಕು.

"ಅಷ್ಟು ನೀರು ಸುಮ್ನೆ ನಿಂತಿರುತ್ತಾ?" ಅಂತ ಅಮ್ಮ ಕೇಳಿದರು. ಆಮೇಲೆ ಬಕೆಟ್‌ನಲ್ಲಿ ಮೊಗೆದು ಕಮೋಡಿಗೆ ಹಾಕುತ್ತಾರಂತೆ.